ಕೊಯ್ಯುವವರನ್ನು ಕೇಳುತ್ತೇವೆ, ಮಲಗಿಸುವವರನ್ನು?

ಆಪರೇಷನ್ ಎಂದ ಕೂಡಲೇ ಮನೆಯವರು ಕೇಳುವುದು ಎರಡೇ: ‘ಮಾಡೋ ಡಾಕ್ಟರು ಯಾರು? ಖರ್ಚೆಷ್ಟು?’ ಅರಿವಳಿಕೆ ಕೊಡುವವರು ಯಾರೆಂದು ಕೇಳುವವರೇ ಕಡಿಮೆ. ಆದರೆ ಆ ಹೊತ್ತಿನಲ್ಲಿ ರೋಗಿಯ ಉಸಿರು ಅವರ ಕೈಯಲ್ಲಿ!

ಹಿಂದೆ ತುಟಿ, ಉಗುರು ನೀಲಿಗಟ್ಟಿದಾಗಲೇ ಆಮ್ಲಜನಕ ಇಳಿದದ್ದು ಗೊತ್ತಾಗುತ್ತಿತ್ತು. 1974ರಲ್ಲಿ ಜಪಾನಿನ ಟಕುವೊ ಅಒಯಾಗಿ ಪಲ್ಸ್ ಆಕ್ಸಿಮೀಟರಿಗೆ ದಾರಿ ಮಾಡಿದರು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಬೆರಳ ಕ್ಲಿಪ್ಪು ಅದೇ. ಅರಿವಳಿಕೆ ಕೊಟ್ಟವರು ರೋಗಿಯನ್ನು ಬಿಟ್ಟು ಹೋಗಕೂಡದೆಂದು ಅಮೆರಿಕದ ಹಾರ್ವರ್ಡ್ ಆಸ್ಪತ್ರೆಗಳ ನಿಯಮ 1986ರಲ್ಲಿ ಪ್ರಕಟವಾಯಿತು. ಮದ್ದು ಕೊಡುವ ಮುನ್ನವೇ ಕ್ಲಿಪ್ಪು ಹಾಕಿ, ಕೆಲಸ ಮಾಡುತ್ತಿದೆಯೇ ನೋಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2008ರ ತಪಾಸಣಾ ಪಟ್ಟಿ.

ರೋಗಿಯ ಹೊಣೆಯೂ ಇದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ, ‘ಎರಡು ಇಡ್ಲಿ ತಾನೇ’ ಎಂದು ತಿಂದು ಮುಚ್ಚಿಡಬಾರದು. ಮಂಪರಿನಲ್ಲಿ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ.

ಚಿನ್ನ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವ ಜನ ಇಲ್ಲೂ ಬಾಯಿ ಬಿಡಲಿ: ‘ಅರಿವಳಿಕೆ ಡಾಕ್ಟರು ಯಾರು? ಕೊನೇವರೆಗೂ ಇರ್ತಾರಾ?’ ಕೇಳಿದರೆ ಆಸ್ಪತ್ರೆಯವರು ಸಿಡುಕಬಾರದು. ಅದಕ್ಕಿಂತ, ಕೇಳುವ ಮೊದಲೇ ಅವರ ಹೆಸರು ಹೇಳಿ, ಮುಖಾಮುಖಿ ಮಾತಾಡಿಸುವ ಪದ್ಧತಿ ಎಲ್ಲ ಆಸ್ಪತ್ರೆಗಳಲ್ಲೂ ಬರಲಿ. ಆಪರೇಷನ್ ಸಣ್ಣದಿರಬಹುದು, ಅರಿವಳಿಕೆ ಸಣ್ಣದಲ್ಲ.