ಒಂದೇ ವೃತ್ತಿ, ಎರಡು ಪರೀಕ್ಷೆ: ಅಮೆರಿಕದ ಡಿ.ಓ. ವಿದ್ಯಾರ್ಥಿಗಳ ಇಕ್ಕಟ್ಟು

ಅಮೆರಿಕದಲ್ಲಿ ಇಂದು ವೈದ್ಯಕೀಯ ಕಲಿಯುತ್ತಿರುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಓದುತ್ತಿರುವುದು ಎಂ.ಡಿ. ಪದವಿಗಲ್ಲ, ಡಿ.ಓ. ಪದವಿಗೆ. ಡಿ.ಓ. ಎಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. ಭಾರತೀಯ ಮೂಲದ ಮಕ್ಕಳು ಈ ಕಾಲೇಜುಗಳಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ನಮ್ಮ ಕರಾವಳಿಯ ಕುಟುಂಬಗಳವರೂ ಉಂಟು. ಮೊಮ್ಮಗಳು ಡಿ.ಓ. ಕಾಲೇಜು ಸೇರಿದಳೆಂಬ ಸುದ್ದಿ ಊರಿಗೆ ತಲುಪಿದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ಹಾಗಾದರೆ ಅವಳು ಡಾಕ್ಟರ್ ಆಗುವುದಿಲ್ಲವೇ?' ಎಂಬುದು. ಆಗುತ್ತಾಳೆ. ಔಷಧಿ ಬರೆಯಲು, ಶಸ್ತ್ರಕ್ರಿಯೆ ಮಾಡಲು, ಯಾವುದೇ ವಿಭಾಗದಲ್ಲಿ ತಜ್ಞಳಾಗಲು ಎಂ.ಡಿ. ಪದವೀಧರರಿಗಿರುವ ಹಕ್ಕೆಲ್ಲ 50 ರಾಜ್ಯಗಳಲ್ಲಿಯೂ ಆಕೆಗಿದೆ. ಆದರೆ ಆ ಹಕ್ಕು ಕೈಸೇರುವ ಮೊದಲು ಆಕೆ ಒಂದು ವಿಚಿತ್ರ ಇಕ್ಕಟ್ಟನ್ನು ದಾಟಬೇಕು. ಈ ಲೇಖನ ಅದರ ಬಗ್ಗೆ.

ಮೊದಲು ಒಂದು ಗೊಂದಲ ಪರಿಹಾರವಾಗಲಿ. ನಮ್ಮಲ್ಲಿ ಎಂ.ಡಿ. ಎಂದರೆ ಎಂ.ಬಿ.ಬಿ.ಎಸ್. ನಂತರದ ಸ್ನಾತಕೋತ್ತರ ಪದವಿ. ಅಮೆರಿಕದಲ್ಲಿ ಅದು ವೈದ್ಯನ ಮೊದಲ ಪದವಿ. ಡಿ.ಓ. ಕೂಡ ಹಾಗೆಯೇ. ಎರಡರಲ್ಲಿ ಯಾವುದನ್ನು ಪಡೆದರೂ ನಂತರ 'ರೆಸಿಡೆನ್ಸಿ' ಎಂಬ ಆಸ್ಪತ್ರೆ ತರಬೇತಿ ಸಿಗಲೇಬೇಕು. ಅದಿಲ್ಲದೆ ಸ್ವತಂತ್ರ ವೃತ್ತಿಗೆ ಅವಕಾಶವಿಲ್ಲ. ಯಾರಿಗೆ ಯಾವ ಆಸ್ಪತ್ರೆ ಎಂಬುದು ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ 'ಮ್ಯಾಚ್' ಎಂಬ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ನಿರ್ಧಾರವಾಗುತ್ತದೆ. ವಿದ್ಯಾರ್ಥಿ ತನಗೆ ಬೇಕಾದ ಆಸ್ಪತ್ರೆಗಳನ್ನು ಕ್ರಮವಾಗಿ ಬರೆದು ಕೊಡುತ್ತಾನೆ, ಆಸ್ಪತ್ರೆಯೂ ತನಗೆ ಬೇಕಾದವರನ್ನು ಬರೆಯುತ್ತದೆ, ಗಣಕಯಂತ್ರ ಎರಡನ್ನೂ ಹೊಂದಿಸುತ್ತದೆ.

ಆಸ್ಟಿಯೋಪಥಿಯ ಕಥೆ ಆರಂಭವಾಗುವುದು ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರಿಂದ. 1864ರಲ್ಲಿ ಮೆದುಳು ಪೊರೆಯ ಉರಿಯೂತಕ್ಕೆ ತನ್ನ ಮೂವರು ಮಕ್ಕಳನ್ನು ಕಳೆದುಕೊಂಡ ಈ ಮನುಷ್ಯನಿಗೆ ಅಂದಿನ ಔಷಧಿಗಳ ಮೇಲಿನ ನಂಬಿಕೆಯೇ ಹೋಯಿತು. ಎಲುಬು, ಸ್ನಾಯುಗಳ ಜೋಡಣೆಯನ್ನು ಕೈಯಿಂದಲೇ ಸರಿಪಡಿಸಿ ದೇಹದ ಗುಣವಾಗುವ ಶಕ್ತಿಗೆ ಸಹಾಯ ಮಾಡಬಹುದೆಂದು ಅವರು ಬೋಧಿಸಿದರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಯುರೋಪಿನಲ್ಲಿ ಆಸ್ಟಿಯೋಪಥಿ ಕೈಚಿಕಿತ್ಸೆಯಾಗಿಯೇ ಉಳಿಯಿತು. ಅಮೆರಿಕದಲ್ಲಿ ಅದು ಕ್ರಮೇಣ ಪೂರ್ಣ ಪ್ರಮಾಣದ ಆಧುನಿಕ ವೈದ್ಯಕೀಯವೇ ಆಗಿ ಬೆಳೆಯಿತು. ಕೈಚಿಕಿತ್ಸೆ ಅದರಲ್ಲಿ ಸುಮಾರು 200 ಗಂಟೆಗಳ ಹೆಚ್ಚುವರಿ ಪಾಠವಾಗಿ ಉಳಿದುಕೊಂಡಿತು. ಆದ್ದರಿಂದ ಇದನ್ನು ನಮ್ಮಲ್ಲಿನ ಹೋಮಿಯೋಪಥಿಗೋ ಆಯುರ್ವೇದಕ್ಕೋ ಹೋಲಿಸುವುದು ಸರಿಯಲ್ಲ.

ಇನ್ನು ಪರೀಕ್ಷೆಗಳ ವಿಷಯ. ಡಿ.ಓ. ವಿದ್ಯಾರ್ಥಿಗಳಿಗೆಂದೇ ಇರುವ ಪರವಾನಗಿ ಪರೀಕ್ಷೆ 'ಕಾಮ್‌ಲೆಕ್ಸ್'. ಇದಕ್ಕೆ ಮೂರು ಹಂತಗಳು. ಮೊದಲೆರಡರ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಪದವಿಯೇ ಸಿಗದು. ಎಂ.ಡಿ. ವಿದ್ಯಾರ್ಥಿಗಳ ಪರೀಕ್ಷೆ 'ಯು.ಎಸ್.ಎಂ.ಎಲ್.ಇ.', ಅದಕ್ಕೂ ಮೂರು ಹಂತ. ನಮ್ಮ ಎಂ.ಬಿ.ಬಿ.ಎಸ್. ಪದವೀಧರರು ಅಮೆರಿಕಕ್ಕೆ ಹೋಗಲು ಬರೆಯುವುದು ಈ ಎರಡನೆಯದನ್ನೇ. ಹಾಗಾಗಿ ಮಂಗಳೂರಿನ ವೈದ್ಯರ ಮನೆಗಳಲ್ಲಿ ಅದರ ಹೆಸರು ಪರಿಚಿತ. ಕಾನೂನು ಸ್ಪಷ್ಟ: ಡಿ.ಓ. ಪದವೀಧರನಿಗೆ ಪರವಾನಗಿ ನೀಡಲು ಎಲ್ಲ ರಾಜ್ಯಗಳೂ ಕಾಮ್‌ಲೆಕ್ಸನ್ನು ಒಪ್ಪುತ್ತವೆ. ಯು.ಎಸ್.ಎಂ.ಎಲ್.ಇ. ಬರೆಯಲು ಅವನಿಗೆ ಅನುಮತಿ ಉಂಟು, ಕಡ್ಡಾಯವಿಲ್ಲ.

ಕಡ್ಡಾಯವಿಲ್ಲದಿದ್ದರೂ ಸಾವಿರಾರು ಮಂದಿ ಬರೆಯುತ್ತಾರೆ. ಯಾಕೆ?

ಉತ್ತರ ರೆಸಿಡೆನ್ಸಿಯಲ್ಲಿದೆ. ಹಿಂದೆ ಡಿ.ಓ.ಗಳಿಗೆ ತಮ್ಮದೇ ತರಬೇತಿ ಆಸ್ಪತ್ರೆಗಳು, ತಮ್ಮದೇ ಮ್ಯಾಚ್ ಇದ್ದವು. ಮೂಳೆ ಶಸ್ತ್ರಚಿಕಿತ್ಸೆ, ಚರ್ಮರೋಗದಂಥ ಬೇಡಿಕೆಯ ವಿಭಾಗಗಳಲ್ಲಿಯೂ ಒಂದಷ್ಟು ಸೀಟುಗಳು ಅವರಿಗೇ ಮೀಸಲಾಗಿದ್ದವು. 2014ರಲ್ಲಿ ಎರಡೂ ವ್ಯವಸ್ಥೆಗಳನ್ನು ಒಂದಾಗಿಸುವ ಒಪ್ಪಂದವಾಯಿತು. 2015ರಿಂದ 2020ರ ಜೂನ್ ವರೆಗೆ ವಿಲೀನ ನಡೆಯಿತು. ಡಿ.ಓ.ಗಳಿಗೆ ದೇಶದ ಎಲ್ಲ ಆಸ್ಪತ್ರೆಗಳ ಬಾಗಿಲೂ ತೆರೆಯಿತೆಂದು ಅಂದು ಸಂತೋಷಪಟ್ಟವರು ಅನೇಕರು. ಬಾಗಿಲು ತೆರೆದದ್ದು ನಿಜ, ಆದರೆ ಎರಡೂ ಕಡೆಗೆ. ಮೀಸಲಾಗಿದ್ದ ಸೀಟುಗಳಿಗೆ ಎಂ.ಡಿ.ಗಳೂ ಅರ್ಜಿ ಹಾಕುವಂತಾಯಿತು. ಹೊಸ ಮಾನದಂಡ ಮುಟ್ಟಲಾಗದ ಕೆಲವು ಸಣ್ಣ ತರಬೇತಿ ಕೇಂದ್ರಗಳು ಮುಚ್ಚಿದವು. ಮೂಳೆ ವಿಭಾಗ ಸೇರುವ ಡಿ.ಓ.ಗಳಲ್ಲಿ ದೊಡ್ಡ ಪಾಲು ಇಂದಿಗೂ ಸೇರುವುದು ಹಿಂದೆ ಆಸ್ಟಿಯೋಪಥಿಕ್ ಆಗಿದ್ದ ಆಸ್ಪತ್ರೆಗಳಿಗೇ. ದೊಡ್ಡ ವಿಶ್ವವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಹಳೆಯ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ.

ಅಭ್ಯಾಸ ಎಂದೆವು. ಅದರ ಬಗೆ ಹೀಗೆ. ಬೇಡಿಕೆಯ ವಿಭಾಗವೊಂದರಲ್ಲಿ ಸೀಟು ನಾಲ್ಕೈದು, ಅರ್ಜಿ ನೂರಾರು. ಎಲ್ಲವನ್ನೂ ಓದುವ ವ್ಯವಧಾನ ವೈದ್ಯ-ನಿರ್ದೇಶಕರಿಗೆ ಇರುವುದಿಲ್ಲ. ಗಣಕದಲ್ಲಿ ಯು.ಎಸ್.ಎಂ.ಎಲ್.ಇ. ಅಂಕದ ಒಂದು ಗೆರೆ ಎಳೆದು ಅದರ ಕೆಳಗಿನವರನ್ನು ಬದಿಗಿಡುತ್ತಾರೆ. ಆ ಪರೀಕ್ಷೆಯನ್ನೇ ಬರೆಯದ ಡಿ.ಓ. ವಿದ್ಯಾರ್ಥಿಯ ಅರ್ಜಿ ಆ ಜರಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಕಾಮ್‌ಲೆಕ್ಸ್‌ನ ಅಂಕ ಮೂರಂಕಿಯದೇ ಆದರೂ ಅಳತೆ ಬೇರೆ: ಎರಡನೇ ಹಂತದಲ್ಲಿ ತೇರ್ಗಡೆಗೆ 400 ಬೇಕು. ಯು.ಎಸ್.ಎಂ.ಎಲ್.ಇ.ಯ ಎರಡನೇ ಹಂತಕ್ಕೆ 2025ರ ಜುಲೈಯಿಂದ 218 ಸಾಕು. 600ನ್ನು 250ರ ಪಕ್ಕದಲ್ಲಿಟ್ಟು ನೋಡುವ ರೂಢಿ ಇಲ್ಲದವನಿಗೆ ಅದು ಪರದೇಶದ ನಾಣ್ಯ. ಶೇಕಡಾ ಸ್ಥಾನ ಲೆಕ್ಕ ಹಾಕಿ ಹೋಲಿಸಲು ದಾರಿಗಳಿವೆ, ಆದರೆ ಆ ಶ್ರಮ ಯಾರು ತೆಗೆದುಕೊಳ್ಳಬೇಕು?

ಈಗಿನ ವ್ಯವಸ್ಥೆಯಲ್ಲಿ ಆ ಶ್ರಮ ತೆಗೆದುಕೊಳ್ಳುತ್ತಿರುವುದು ಇಪ್ಪತ್ತನಾಲ್ಕು, ಇಪ್ಪತ್ತೈದು ವರ್ಷದ ವಿದ್ಯಾರ್ಥಿ. ದಿನವಿಡೀ ನಡೆಯುವ, ನೂರಾರು ಪ್ರಶ್ನೆಗಳ ಒಂದು ಪರೀಕ್ಷೆ ಮುಗಿಸಿ ಒಂದೆರಡು ವಾರದೊಳಗೆ ಅದೇ ಪಠ್ಯದ ಮೇಲೆ ಅಷ್ಟೇ ದೊಡ್ಡ ಇನ್ನೊಂದನ್ನು ಬರೆಯುತ್ತಾನೆ. ಒಂದೊಂದಕ್ಕೂ 600 ಡಾಲರಿಗೂ ಮೀರಿದ ಶುಲ್ಕ. ಅಭ್ಯಾಸದ ಪ್ರಶ್ನೆಗಳಿಗೆ ಬೇರೆಯೇ ಚಂದಾ. ಮೊದಲೇ ಎರಡು ಲಕ್ಷ ಡಾಲರ್ ಮೀರಿದ ಶಿಕ್ಷಣ ಸಾಲ ತಲೆಯ ಮೇಲಿರುವುದು ಈ ಮಕ್ಕಳಲ್ಲಿ ಸಾಮಾನ್ಯ.

2022ರಲ್ಲಿ ಒಂದು ಬದಲಾವಣೆ ಬಂತು. ಆ ವರ್ಷದ ಜನವರಿಯಲ್ಲಿ ಯು.ಎಸ್.ಎಂ.ಎಲ್.ಇ. ಮೊದಲ ಹಂತದ ಅಂಕ ರದ್ದಾಗಿ ಬರೇ 'ಪಾಸು' ಅಥವಾ 'ಫೇಲು' ಎಂದಾಯಿತು. ಮೇ ತಿಂಗಳಲ್ಲಿ ಕಾಮ್‌ಲೆಕ್ಸ್‌ನ ಮೊದಲ ಹಂತವೂ ಅದೇ ದಾರಿ ಹಿಡಿಯಿತು. ಒಂದೇ ಅಂಕದ ಮೇಲೆ ಇಡೀ ಬದುಕು ನಿಲ್ಲುವ ಒತ್ತಡವನ್ನು ತಗ್ಗಿಸುವುದು ಉದ್ದೇಶ. ಒತ್ತಡ ತಗ್ಗಲಿಲ್ಲ, ಜಾಗ ಬದಲಿಸಿತು. ಈಗ ಅಂಕ ಸಿಗುವುದು ಎರಡನೇ ಹಂತದಲ್ಲಿ ಮಾತ್ರ, ಆದ್ದರಿಂದ ಜರಡಿಯೂ ಅಲ್ಲಿಗೆ ಸರಿದಿದೆ. ಎರಡನೇ ಹಂತವನ್ನು ಮಾತ್ರ ಬರೆದು ಮೊದಲನೆಯದನ್ನು ಬಿಡಬಹುದೇ ಎಂದು ಕೇಳುವ ಡಿ.ಓ. ವಿದ್ಯಾರ್ಥಿಗಳು ಹೆಚ್ಚುತ್ತಿದ್ದಾರೆ. ನಿಯಮದ ಅಡ್ಡಿಯಿಲ್ಲ. ಕೆಲವು ಕೇಂದ್ರಗಳಿಗೆ ಅಷ್ಟು ಸಾಕು. ಮತ್ತೆ ಕೆಲವು ಎರಡನ್ನೂ ಕೇಳುತ್ತವೆ. ತಾನು ಅರ್ಜಿ ಹಾಕುವ ಕೇಂದ್ರಗಳನ್ನು ಒಂದೊಂದಾಗಿ ವಿಚಾರಿಸದೆ ಇದಕ್ಕೆ ಉತ್ತರವಿಲ್ಲ.

ಹಾಗಾದರೆ ಬರೆಯಬೇಕೇ, ಬೇಡವೇ? ನಾವು ವೈದ್ಯರಲ್ಲ, ಆದರೂ ಲಭ್ಯ ಮಾಹಿತಿಯಿಂದ ಕೆಲವು ಮಾತು ಹೇಳಬಹುದು. ಕುಟುಂಬ ವೈದ್ಯಕೀಯ, ಮಕ್ಕಳ ವಿಭಾಗ, ಮನೋರೋಗ ಹಾಗೂ ಸಾಮಾನ್ಯ ವೈದ್ಯಕೀಯದ ಬಹುಪಾಲು ಕೇಂದ್ರಗಳಿಗೆ ಹೋಗುವವರಿಗೆ ಕಾಮ್‌ಲೆಕ್ಸ್ ಸಾಕು. 2025ರ ಮ್ಯಾಚ್‌ನಲ್ಲಿ ಅಂತಿಮ ವರ್ಷದ ಡಿ.ಓ. ವಿದ್ಯಾರ್ಥಿಗಳಲ್ಲಿ ಶೇಕಡಾ 92.6 ಮಂದಿಗೆ ಸ್ಥಾನ ಸಿಕ್ಕಿತು, ಎಂ.ಡಿ.ಗಳಿಗೆ ಶೇಕಡಾ 93.5. ವ್ಯತ್ಯಾಸ ಒಂದಂಶಕ್ಕೂ ಕಡಿಮೆ. (ವಿದೇಶದಲ್ಲಿ ಓದಿದ, ಅಮೆರಿಕದ ಪೌರರಲ್ಲದವರಿಗೆ ಸಿಕ್ಕಿದ್ದು ಶೇಕಡಾ 58.0 ಮಾತ್ರ. ನಮ್ಮ ಎಂ.ಬಿ.ಬಿ.ಎಸ್. ಮಕ್ಕಳು ಈ ಪಟ್ಟಿಗೆ ಸೇರುತ್ತಾರೆ ಎಂಬುದನ್ನು ಹೆತ್ತವರು ಗಮನಿಸಬೇಕು.) ಆದರೆ ಈ ಒಟ್ಟು ಲೆಕ್ಕ ಒಂದು ಸತ್ಯವನ್ನು ಮುಚ್ಚುತ್ತದೆ. ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ, ಕಿವಿ-ಮೂಗು-ಗಂಟಲು, ಚರ್ಮರೋಗ, ಮೂಳೆ ಶಸ್ತ್ರಚಿಕಿತ್ಸೆ ವಿಭಾಗಗಳಲ್ಲಿ ಡಿ.ಓ.ಗಳ ಪಾಲು ಅವರ ಸಂಖ್ಯೆಗೆ ತಕ್ಕಷ್ಟಿಲ್ಲ. ಅಲ್ಲಿಗೆ ಹೋಗಬಯಸುವವನಿಗೆ ಎರಡನೇ ಪರೀಕ್ಷೆ ಹೆಸರಿಗಷ್ಟೇ ಐಚ್ಛಿಕ.

ಭಯಕ್ಕೆ ಬರೆಯುವುದು ಬೇರೆ ಮಾತು. ಸಹಪಾಠಿಗಳೆಲ್ಲ ಬರೆಯುತ್ತಿದ್ದಾರೆಂದು, ಆಸೆಯ ವಿಭಾಗವಾವುದೆಂದು ತಿಳಿಯದೆಯೇ ಕುಳಿತುಕೊಳ್ಳುವವರಿದ್ದಾರೆ. ಇಲ್ಲಿ ಅಪಾಯವುಂಟು. ಯು.ಎಸ್.ಎಂ.ಎಲ್.ಇ.ಯಲ್ಲಿ ಒಮ್ಮೆ ಅನುತ್ತೀರ್ಣನಾದರೆ ಆ ದಾಖಲೆ ಅಂಕಪಟ್ಟಿಯಲ್ಲಿ ಶಾಶ್ವತ. ತೇರ್ಗಡೆಯಾದ ಮೇಲೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ. ಒಂದು ಹಂತಕ್ಕೆ ಒಟ್ಟು ನಾಲ್ಕೇ ಯತ್ನ. ಕುಟುಂಬ ವೈದ್ಯನಾಗುವ ಮನಸ್ಸುಳ್ಳವನು ಬೇಡದ ಪರೀಕ್ಷೆಯಲ್ಲಿ ಎಡವಿ ಬೇಕಾದ ದಾರಿಗೆ ತಾನೇ ಕಲ್ಲು ಹಾಕಿಕೊಳ್ಳಬಾರದು.

ಇಷ್ಟಾದ ಮೇಲೆ ಪ್ರಶ್ನೆ ಉಳಿಯುತ್ತದೆ: ಎರಡನೇ ಪರೀಕ್ಷೆಯನ್ನು ತೆಗೆದೇ ಹಾಕಿ ಒಂದನ್ನೇ ಇಡಬಾರದೇ? ಆಸ್ಟಿಯೋಪಥಿಕ್ ಸಮುದಾಯ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಕಾರಣ ಕ್ಯಾಲಿಫೋರ್ನಿಯಾ. 1962ರಲ್ಲಿ ಅಲ್ಲಿನ ಡಿ.ಓ.ಗಳಿಗೆ 65 ಡಾಲರ್ ಕಟ್ಟಿ ಎಂ.ಡಿ. ಪದವಿ ಪಡೆಯುವ ಅವಕಾಶ ನೀಡಲಾಯಿತು. ಸುಮಾರು ಎರಡು ಸಾವಿರ ಮಂದಿ ಪಡೆದರು. ಅವರ ಕಾಲೇಜು ಎಂ.ಡಿ. ಕಾಲೇಜಾಯಿತು, ಹೊಸ ಡಿ.ಓ.ಗಳಿಗೆ ಪರವಾನಗಿ ನಿಂತಿತು. 1974ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಡುವ ತನಕ ಆ ರಾಜ್ಯದಲ್ಲಿ ಈ ವೃತ್ತಿಗೆ ಹೊಸಬರಿರಲಿಲ್ಲ. ವಿಲೀನವೆಂದರೆ ಅಳಿವು ಎಂಬ ಆ ನೆನಪು ಇನ್ನೂ ಹಸಿಯಾಗಿದೆ. ಸ್ವಂತ ಪರೀಕ್ಷೆ ಅವರ ಪಾಲಿಗೆ ಸ್ವಂತ ಗುರುತು. ಸಣ್ಣ ಸಮುದಾಯವೊಂದರ ಈ ಹೆದರಿಕೆಯನ್ನು ಅರ್ಥಮಾಡಿಕೊಳ್ಳುವುದು ನಮಗೆ ಕಷ್ಟವಲ್ಲ. ಆದರೂ ಗಮನಿಸಬೇಕಾದ್ದೆಂದರೆ, ಹೆಚ್ಚಿನ ಡಿ.ಓ. ವೈದ್ಯರು ಕೈಚಿಕಿತ್ಸೆಯನ್ನು ದಿನನಿತ್ಯದ ವೃತ್ತಿಯಲ್ಲಿ ಅಪರೂಪಕ್ಕಷ್ಟೇ ಬಳಸುತ್ತಾರೆಂದು ಅವರದೇ ಸಮೀಕ್ಷೆಗಳು ಹೇಳುತ್ತವೆ. ಹಿರಿಯರ ಗುರುತಿನ ಬೆಲೆಯನ್ನು ವಿದ್ಯಾರ್ಥಿಗಳು ತೆರುತ್ತಿದ್ದಾರೆ.

ಹಾಗೆಂದು ಹೊಣೆಯ ದೊಡ್ಡ ಭಾಗ ಅವರದಲ್ಲ. ರೆಸಿಡೆನ್ಸಿ ತರಬೇತಿಗೆ ಹಣ ಬರುವುದು ಮುಖ್ಯವಾಗಿ ಮೆಡಿಕೇರ್ ಎಂಬ ಸರಕಾರಿ ಯೋಜನೆಯಿಂದ, ಅಂದರೆ ತೆರಿಗೆದಾರನ ಕಿಸೆಯಿಂದ. ಸರಕಾರದ ಹಣ ಪಡೆಯುವ ಆಸ್ಪತ್ರೆ, ಸರಕಾರವೇ ಒಪ್ಪಿದ ಪರವಾನಗಿ ಪರೀಕ್ಷೆಯನ್ನು ಒಪ್ಪುವುದಿಲ್ಲವೆಂದರೆ ಅದು ಯಾವ ನ್ಯಾಯ? ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಎಂಬ, ಮುಖ್ಯವಾಗಿ ಎಂ.ಡಿ.ಗಳ ಸಂಘಟನೆಯೇ 2018ರಲ್ಲಿ ಎರಡೂ ಪರೀಕ್ಷೆಗಳನ್ನು ಸಮಾನವಾಗಿ ಕಾಣಬೇಕೆಂದು ನಿರ್ಣಯಿಸಿತು. ಮೆಡಿಕೇರ್ ಹಣ ಪಡೆಯುವ ಕೇಂದ್ರಗಳು ಡಿ.ಓ. ಅರ್ಜಿಗಳನ್ನೂ ಕಾಮ್‌ಲೆಕ್ಸನ್ನೂ ಪರಿಗಣಿಸಬೇಕೆಂಬ ಮಸೂದೆ 2023ರಲ್ಲಿ ಸಂಸತ್ತಿನ ಮುಂದೆ ಬಂತು. ಆ ಸಂಸತ್ತಿನ ಅವಧಿ ಮುಗಿಯುವವರೆಗೂ ಅದು ಕಾನೂನಾಗಲಿಲ್ಲ.

ಕಾಲೇಜುಗಳಿಗೂ ಒಂದು ಮಾತು. ಇಂಡಿಯಾನಾಪೊಲಿಸ್‌ನ ಮರಿಯನ್ ವಿಶ್ವವಿದ್ಯಾಲಯ 2013ರಲ್ಲಿ, ಸ್ಯಾನ್ ಆಂಟೋನಿಯೋದ ಇನ್‌ಕಾರ್ನೇಟ್ ವರ್ಡ್ 2017ರಲ್ಲಿ, ಪಿಟ್ಸ್‌ಬರ್ಗಿನ ಡುಕೇನ್ 2024ರಲ್ಲಿ ಡಿ.ಓ. ಕಾಲೇಜು ತೆರೆದಿವೆ. ಮೂರೂ ಕಥೋಲಿಕ ಸಂಸ್ಥೆಗಳು. ಹಳ್ಳಿಗಳಿಗೆ, ಬಡವರಿಗೆ ವೈದ್ಯರನ್ನು ಕೊಡುವುದು ಒಳ್ಳೆಯ ಧ್ಯೇಯವೇ. ಆದರೆ ಮೂಳೆ ಶಸ್ತ್ರಚಿಕಿತ್ಸಕನಾಗಬೇಕೆಂದು ಬರುವ ಹುಡುಗನಿಗೆ ದಾರಿ ಎಷ್ಟು ಕಿರಿದು, ಇನ್ನೊಂದು ಪರೀಕ್ಷೆ ಯಾಕೆ ಬೇಕಾದೀತು ಎಂಬುದನ್ನು ಪ್ರವೇಶದ ದಿನವೇ ಹೇಳಬೇಕು, ಮೂರನೇ ವರ್ಷದಲ್ಲಿ ಅಲ್ಲ. ಡಿ.ಓ. ಕಾಲೇಜುಗಳೆಲ್ಲಕ್ಕೂ ಇದು ಅನ್ವಯ.

ರೆಸಿಡೆನ್ಸಿ ಅರ್ಜಿಗಳು ಆಸ್ಪತ್ರೆಗಳ ಕೈಸೇರುವುದು ಸೆಪ್ಟೆಂಬರ್ ಕೊನೆಗೆ. ಫಲಿತಾಂಶಕ್ಕೆ ಕೆಲವು ವಾರ ಬೇಕು. ಆದ್ದರಿಂದ ಮೂರನೇ ವರ್ಷ ಮುಗಿಸುವ ವಿದ್ಯಾರ್ಥಿ ಎರಡನೇ ಹಂತದ ಪರೀಕ್ಷೆಯನ್ನು, ಒಂದಾಗಲಿ ಎರಡಾಗಲಿ, ಜೂನ್-ಜುಲೈಯೊಳಗೆ ಮುಗಿಸಿರಬೇಕು. ತನಗೆ ಬೇಕಾದ ಕೇಂದ್ರಗಳ ಪಟ್ಟಿ ಮಾಡಿ, ಯಾವುದು ಏನನ್ನು ಕೇಳುತ್ತದೆಂದು ವಿಚಾರಿಸುವ ಕೆಲಸಕ್ಕೆ ಅದಕ್ಕೂ ಹಿಂದಿನ ಚಳಿಗಾಲವೇ ಸರಿಯಾದ ಸಮಯ.