ಹತ್ತು ವರ್ಷದ ಕೂಸಿಗೆ ಒಂದೇ ಬಾಗಿಲೇ?

ಐದನೆಯ ಇಯತ್ತೆಯ ಮಗುವಿರುವ ಮನೆಗಳಲ್ಲಿ ಇಂದು ಎರಡು ಹೆಸರುಗಳು ಮಂತ್ರದಂತೆ ಕೇಳಿಬರುತ್ತವೆ: ನವೋದಯ ಮತ್ತು ಮೊರಾರ್ಜಿ. ಹಂಸಭಾವಿಯ ಕಿರಾಣಿ ಅಂಗಡಿಕಾರನಿರಲಿ, ಹಾನಗಲ್ಲಿನ ಅಕ್ಕಿ ಗಿರಣಿಯ ಹಮಾಲನಿರಲಿ, ಸವಣೂರಿನ ಎಲೆ ವ್ಯಾಪಾರಿಯಿರಲಿ, ತನ್ನ ಮಗುವಿಗೆ ಅಲ್ಲೊಂದು ಜಾಗ ದೊರೆತರೆ ಮನೆತನದ ಬವಣೆ ತೀರಿತೆಂದೇ ನಂಬಿದ್ದಾನೆ. ಈ ನಂಬಿಕೆಯನ್ನು ನಾವು ಹಳಿಯುವುದಿಲ್ಲ. ಆದರೆ ಆ ಬಾಗಿಲು ಎಷ್ಟು ಅಗಲವಿದೆಯೆಂದು ಅಳೆದು ನೋಡುವುದು ನಮ್ಮ ಕರ್ತವ್ಯವಾಗಿದೆ.

ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸುಗಳು. ಹಳ್ಳಿಯ ಜಾಣ ಮಗುವಿಗೆ ಊಟ, ವಸತಿ, ಪುಸ್ತಕ, ಒಳ್ಳೆಯ ಮಾಸ್ತರರು ಎಲ್ಲವನ್ನೂ ಸರಕಾರವೇ ಕೊಡಬೇಕೆಂಬ ಉದ್ದೇಶ ಸ್ತುತ್ಯವಾದುದು. ಆದರೆ ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಆರನೆಯ ತರಗತಿಗೆ ಸೇರುವ ಮಕ್ಕಳು ಹೆಚ್ಚೆಂದರೆ 80. ನಮ್ಮ ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆಯೇ ಸುಮಾರು 16 ಲಕ್ಷ, ತಾಲ್ಲೂಕುಗಳು 8. ಸರಾಸರಿ ಹಂಚಿದರೆ ತಾಲ್ಲೂಕಿಗೆ ಹತ್ತು ಮಕ್ಕಳು! ರಾಜ್ಯ ಸರಕಾರದ ಮೊರಾರ್ಜಿ ದೇಸಾಯಿ ಹಾಗೂ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿಯೂ ಸಾಮಾನ್ಯವಾಗಿ ತರಗತಿಗೆ 50 ಮಕ್ಕಳು ಮಾತ್ರ.

ಇನ್ನು ಪರೀಕ್ಷೆಯ ಮಾತು. ನವೋದಯದ ಪರೀಕ್ಷೆಯಲ್ಲಿ ಎರಡು ತಾಸಿಗೆ 80 ಪ್ರಶ್ನೆ, 100 ಅಂಕ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಅದರಲ್ಲಿ ಅರ್ಧ ಅಂಕಗಳು ಆಕೃತಿಗಳನ್ನು ಹೋಲಿಸುವ, ಹೊಂದಿಸುವ ಬುದ್ಧಿಶಕ್ತಿಯ ಪ್ರಶ್ನೆಗಳಿಗೆ. ನಮ್ಮ ಕನ್ನಡ ಶಾಲೆಯ ಯಾವ ಪಠ್ಯಪುಸ್ತಕದಲ್ಲಿ ಇದನ್ನು ಪಾಠವಾಗಿ ಕಲಿಸುತ್ತಾರೆ? ಶಾಲೆ ಕಲಿಸದ್ದನ್ನು ಪರೀಕ್ಷೆ ಕೇಳಿದರೆ, ನಡುವಿನ ಅಂತರದಲ್ಲಿ ಅಂಗಡಿ ಹುಟ್ಟುವುದು ಸಹಜ. ಧಾರವಾಡ, ವಿಜಯಪುರಗಳಿಂದ ಹಿಡಿದು ಸಣ್ಣ ಪಟ್ಟಣಗಳ ತನಕ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಎಂದು ಫಲಕ ಹಾಕಿದ ಕೋಚಿಂಗ್ ತರಗತಿಗಳು ಹಬ್ಬಿರುವುದು ಹೀಗೆಯೇ. ಪಗಾರದ ದೊಡ್ಡ ಪಾಲನ್ನು ಅಲ್ಲಿ ಸುರಿಯಬಲ್ಲವನ ಮಗು ವರ್ಷವಿಡೀ ತಾಲೀಮು ಪಡೆದು ಕೂಡುತ್ತದೆ. ದಿನಗೂಲಿಯವನ ಮಗು ಅಂಥ ಪ್ರಶ್ನೆಪತ್ರಿಕೆಯನ್ನು ಪರೀಕ್ಷೆಯ ದಿನವೇ ಮೊದಲ ಸಲ ಕಾಣುತ್ತದೆ. ಎರಡನೆಯ ಸಲ ಕೂಡುತ್ತೇನೆಂದರೆ ಅವಕಾಶವಿಲ್ಲ. ಜೀವಮಾನಕ್ಕೆ ಒಂದೇ ಸಲ. ನೂರಕ್ಕೆ 75 ಜಾಗಗಳು ಗ್ರಾಮೀಣರಿಗೆ ಮೀಸಲಾಗಿರುವುದು ನಿಜ. ಆದರೆ 'ಗ್ರಾಮೀಣ' ಎಂಬ ಆ ಒಂದೇ ಮಾತಿನೊಳಗೆ ನೂರು ಎಕರೆಯ ಒಡೆಯನ ಮಗನೂ ಇದ್ದಾನೆ, ಅವನ ಹೊಲದಲ್ಲಿ ಕಳೆ ಕೀಳುವವಳ ಮಗಳೂ ಇದ್ದಾಳೆ.

2009ರ ಶಿಕ್ಷಣ ಹಕ್ಕು ಕಾನೂನಿನ 13ನೆಯ ಕಲಮು ಮಗುವನ್ನು ಸೇರಿಸಿಕೊಳ್ಳುವಾಗ ಜರಡಿ ಹಿಡಿಯಬಾರದೆಂದು ಹೇಳುತ್ತದೆ. ಕಾನೂನು ಪುಸ್ತಕದಲ್ಲಿದೆ, ಜರಡಿ ಸರಕಾರದ ಕೈಯಲ್ಲಿಯೇ ಇದೆ.

"ಜಾಣರನ್ನು ಆರಿಸಿ ಬೆಳೆಸುವುದು ತಪ್ಪೇ?" ಎಂದು ಕೆಲವರು ಕೇಳಬಹುದು. ಈ ಶಾಲೆಗಳಲ್ಲಿ ಓದಿ ಮೇಲೆ ಬಂದ ಬಡವರ ಮಕ್ಕಳನ್ನು ಕಂಡು ನಮಗೂ ಹೆಮ್ಮೆಯಿದೆ. ಈ ಶಾಲೆಗಳನ್ನು ಮುಚ್ಚಿರೆಂದು ನಾವು ಕೇಳುತ್ತಿಲ್ಲ. ಆದರೆ ಹತ್ತು ವರ್ಷದ ಕೂಸಿನ ಜಾಣತನವನ್ನು ಎರಡು ತಾಸಿನಲ್ಲಿ ತೂಗಬಲ್ಲ ತಕ್ಕಡಿ ಇನ್ನೂ ಹುಟ್ಟಿಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯ ತರುವಾಯ ಹನ್ನೊಂದು ವರ್ಷದ ಮಕ್ಕಳನ್ನು ಹೀಗೆಯೇ ಪರೀಕ್ಷಿಸಿ ಬೇರೆ ಬೇರೆ ಶಾಲೆಗಳಿಗೆ ಕಳಿಸುತ್ತಿದ್ದರು. ಕಾರ್ಮಿಕ ಪಕ್ಷದ ಸರಕಾರ 1965ರಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ರೌಢಶಾಲೆಯೆಂಬ ದಾರಿಯನ್ನು ಹಿಡಿಯಿತು. ಕೆಂಟ್‌ನಂಥ ಕೆಲವು ಭಾಗಗಳಲ್ಲಿ ಹಳೆಯ ಪರೀಕ್ಷೆ ಇಂದಿಗೂ ಉಳಿದಿದೆ. ಅಲ್ಲಿಯೂ ಖಾಸಗಿ ಪಾಠದ ಅಂಗಡಿಗಳಿಗೆ ಬರವಿಲ್ಲ.

ಈ ನೂಕುನುಗ್ಗಲಿನಲ್ಲಿ ಅಡಗಿರುವ ಒಂದು ಸತ್ಯವನ್ನು ವಾಚಕರು ಗಮನಿಸಬೇಕು. ಜನರು ಮುಗಿಬೀಳುತ್ತಿರುವುದು ಯಾವ ಸಾಹುಕಾರನ ಶಾಲೆಗೂ ಅಲ್ಲ, ಸರಕಾರದ ಶಾಲೆಗೆ! ಸರಕಾರಿ ಶಾಲೆ ಯಾರಿಗೂ ಬೇಡವಾಗಿದೆಯೆಂದು ಹೇಳಿ ಕೈ ತೊಳೆದುಕೊಳ್ಳುವ ಮಂತ್ರಿಮಹೋದಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಮಾಸ್ತರರು, ಪ್ರಯೋಗಶಾಲೆ, ಊಟ, ಪುಸ್ತಕ ಇವಿಷ್ಟನ್ನು ಸರಿಯಾಗಿ ಒದಗಿಸಿದ ಕಡೆ ಜನ ಬರುತ್ತಾರೆ. ಅದನ್ನು ಎಂಬತ್ತು ಮಕ್ಕಳಿಗೆ ಮಾಡಿ ತೋರಿಸಿದ ಸರಕಾರ ಉಳಿದವರಿಗೆ ಮಾಡಲಾರೆನೆಂದರೆ ಅದು ಅಶಕ್ತಿಯಲ್ಲ, ಅನಾಸ್ಥೆ.

ಅನಾಸ್ಥೆಗೆ ಪುರಾವೆ ಬೇಕಾದವರು ಆದರ್ಶ ವಿದ್ಯಾಲಯಗಳ ಕಥೆಯನ್ನು ನೋಡಲಿ. ಹಿಂದುಳಿದ ತಾಲ್ಲೂಕುಗಳಿಗೆಂದು ಕೇಂದ್ರದ ಮಾದರಿ ಶಾಲೆಗಳ ಯೋಜನೆಯಲ್ಲಿ ಕರ್ನಾಟಕದಲ್ಲಿ 74 ಶಾಲೆಗಳಾದವು. 2015ರಲ್ಲಿ ಕೇಂದ್ರವು ಕೈಬಿಟ್ಟಿತು. ಭಾರ ರಾಜ್ಯದ ತಲೆಗೆ ಬಿತ್ತು. 1966ರಲ್ಲಿಯೇ ಕೊಠಾರಿ ಆಯೋಗವು ಎಲ್ಲ ಮಕ್ಕಳಿಗೂ ಸಮಾನ ಶಾಲೆಯ ಪದ್ಧತಿಯನ್ನು ಸೂಚಿಸಿ, ರಾಷ್ಟ್ರೀಯ ಆದಾಯದ ನೂರಕ್ಕೆ 6 ಪಾಲನ್ನು ಶಿಕ್ಷಣಕ್ಕೆ ತೆಗೆದಿಡಬೇಕೆಂದಿತ್ತು. ಆ ಮಾತು ಇಂದಿಗೂ ಈಡೇರಿಲ್ಲ.

ಹಂಸಭಾವಿ ವಿದ್ಯೆಗೆ ಹೊಸ ಊರಲ್ಲ. ಮೃತ್ಯುಂಜಯ ವಿದ್ಯಾಪೀಠವಿರುವ ಊರು. ಇಂಥ ಊರಿನ ಮಗುವೂ ಒಳ್ಳೆಯ ಶಾಲೆಗಾಗಿ ಲಾಟರಿಯಂತೆ ಅದೃಷ್ಟವನ್ನು ಕಾಯಬೇಕೆ? ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಹೋಬಳಿಗೊಂದರಂತೆ ಸರಕಾರಿ ಪ್ರೌಢಶಾಲೆಯನ್ನು ವಸತಿ ಶಾಲೆಗಳ ಮಟ್ಟಕ್ಕೆ ಏರಿಸಿರಿ. ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳನ್ನು ತುಂಬಿರಿ. ಅಲ್ಲಿಯ ತನಕ ಪ್ರವೇಶ ಪರೀಕ್ಷೆಯ ತಾಲೀಮನ್ನು ಪ್ರತಿಯೊಂದು ಸರಕಾರಿ ಶಾಲೆಯಲ್ಲಿ ಬಿಟ್ಟಿಯಾಗಿ ಕೊಡಿರಿ. ಎಷ್ಟು ಅರ್ಜಿ ಬಂದವು, ಎಷ್ಟು ಜಾಗ ದೊರೆತವು ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಿರಿ.

ಗಿರಣಿ ಕಾರ್ಮಿಕ ಬಂಧುಗಳಿಗೂ ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಪಟ್ಟಿಯಲ್ಲಿ ಹೆಸರು ಬಾರದ ಮಗುವನ್ನು ದಡ್ಡನೆಂದು ಹಳಿಯಬೇಡಿರಿ. ಅರ್ಜಿಗಳು ಜಾಗಗಳನ್ನು ಮೀರಿದಲ್ಲಿ ಪರೀಕ್ಷೆ ಎಷ್ಟೇ ನ್ಯಾಯವಾಗಿ ನಡೆದರೂ ಹೆಚ್ಚಿನವರು ಹೊರಗೆ ಉಳಿಯಲೇಬೇಕು. ಇದು ಲೆಕ್ಕ, ಮಗುವಿನ ತಪ್ಪಲ್ಲ. ಸಿಟ್ಟು ಬಂದರೆ ಅದನ್ನು ಮಗುವಿನ ಮೇಲೆ ತೀರಿಸದೆ, ಶಾಲಾಭಿವೃದ್ಧಿ ಸಮಿತಿಯ ಸಭೆಗೆ, ಗ್ರಾಮಸಭೆಗೆ, ಓಟು ಕೇಳಲು ಬಂದವರ ಮುಂದಕ್ಕೆ ತನ್ನಿರಿ. ಬಾಗಿಲು ಕಿರಿದಾಗಿದ್ದರೆ ಮಕ್ಕಳನ್ನು ಒಬ್ಬರ ಮೇಲೊಬ್ಬರು ತುಳಿಯಲು ಬಿಡುವುದಲ್ಲ, ಗೋಡೆಯನ್ನೇ ಒಡೆದು ಬಾಗಿಲನ್ನು ಅಗಲ ಮಾಡಬೇಕು.