ಕುಜ ಹೆಣ್ಣಮಕ್ಕಳ ಬೆನ್ನ ಯಾಕ ಹತ್ತ್ಯಾನ?

ನಮ್ಮ ಬಳ್ಳಾರ್ಯಾಗ ಇರ್ಲಿ, ಸಿರುಗುಪ್ಪ, ಕುರುಗೋಡು ಕಡೀಗಿರ್ಲಿ, ಕನ್ಯಾ ನೋಡಾಕ ಬಂದೋರು ಚಹಾ ಕುಡಿಯೋಕಿಂತ ಮೊದ್ಲ ಕೇಳ್ತಾರ, "ಕುಜದೋಷ ಏನಾರ ಐತೇನ್ರಿ?" ಐತಿ ಅಂದ್ರ ಮುಗೀತು. ಹುಡುಗಿ ಓದು, ಗುಣ, ನೌಕರಿ ಎಲ್ಲಾ ನೀರುಪಾಲು.

ಸ್ವಲ್ಪ ಲೆಕ್ಕ ಹಾಕ್ರಿ ಅಕ್ಕಾರ. ಜಾತಕದಾಗ 12 ಮನಿ. ಲಗ್ನದಿಂದ ಎಣಿಸಿ 2, 4, 7, 8, 12ನೇ ಮನ್ಯಾಗ ಕುಜ ಇದ್ರ ದೋಷ ಅಂತಾರ. ಅಂದ್ರ 12ರಾಗ 5. ನೂರಕ್ಕ ನಲವತ್ತು ಮಂದಿಗೆ ಇದ್ದ ಇರ್ತೈತಿ, ಗಂಡಸರಿಗೂ ಅಷ್ಟ. ಕೆಲವ್ರು ಚಂದ್ರ, ಶುಕ್ರ ಇದ್ದ ಮನಿಯಿಂದಾನೂ ಎಣಿಸ್ತಾರ, ಆಗ ತಪ್ಪಿಸ್ಕೊಳ್ಳೋರ ಕಮ್ಮಿ. ಈ ದೋಷಕ್ಕ ಗಂಡ ಸಾಯೋದು ಖರೆ ಇದ್ದಿದ್ರ ಊರಾಗ ಗಂಡಸರ ಉಳೀತಿದ್ದಿಲ್ಲ!

ಕುಜ ಅಂದ್ರ ಮಂಗಳ ಗ್ರಹ. 2014ರ ಸೆಪ್ಟೆಂಬರ್ 24ಕ್ಕ ಇಸ್ರೋದ ಮಂಗಳಯಾನ ಅಲ್ಲಿಗೆ ಮುಟ್ಟಿತು. ಸೀರಿ ಉಟ್ಟ ಇಸ್ರೋ ಹೆಣ್ಣಮಕ್ಕಳು ಖುಷಿಪಟ್ಟ ಫೋಟೊ ನೀವೂ ಪೇಪರ್‌ನಾಗ ನೋಡಿರ್ತೀರಿ. ನಾವು ಮಂಗಳದ ತನಕ ಮುಟ್ಟಿದ್ರೂ ಮಂಗಳ ನಮ್ಮನ್ನ ಬಿಡವಲ್ಲ.

ಹಂಗಾದ್ರ ಓದಿದೋರೂ ಯಾಕ ನಂಬ್ತಾರ? ದಡ್ಡರು ಅಂತಲ್ಲ. ಹೇಳಿದ ಹತ್ತು ಮಾತಿನಾಗ ಒಂದು ಖರೆ ಆದ್ರ ಊರೆಲ್ಲಾ ಹೇಳ್ತೀವಿ, ಸುಳ್ಳಾದ ಒಂಬತ್ತು ಮರೀತೀವಿ. ಅದಕ್ಕಿಂತ ದೊಡ್ಡದು, ಜಾತಕ ನಮ್ಮ ಹೊಣಿ ತಾನು ಹೊತ್ಕೊಂತೈತಿ. "ವರದಕ್ಷಿಣಿ ಸಾಲಲಿಲ್ಲ" ಅನ್ನಾಕ ನಾಚಿಕಿ, "ಜಾತಕ ಕೂಡಲಿಲ್ಲ" ಅಂದ್ರ ಮರ್ಯಾದಿ. ಹುಡುಗನ ಕುಡಿತ, ಸಾಲ ವಿಚಾರಿಸದ ಮದುವಿ ಮಾಡಿ, ಸಂಸಾರ ಕೆಟ್ಟ ಮ್ಯಾಲ "ಜಾತಕ ನೋಡೇ ಮಾಡಿದ್ವಿ, ಆಕಿ ಹಣೇಬರ" ಅಂತ ಕೈ ತೊಳ್ಕೊಂತೀವಿ. ತಪ್ಪು ದೊಡ್ಡೋರದು, ದಂಡ ಹುಡುಗೀದು.

ಹಿರೇರು ಮಾಡ್ಕೊಂತ ಬಂದದ್ದು ಅಂತೀರೇನು? 12ನೇ ಶತಮಾನದ ಶರಣರೂ ನಮ್ಮ ಹಿರೇರ. ತಿಥಿ-ಮುಹೂರ್ತಕ್ಕ ಅಂಜಬ್ಯಾಡ್ರಿ ಅಂತ ಅವ್ರು ಆಗ್ಲೇ ಹೇಳ್ಯಾರ. ಸರ್ಕಾರ ನೋಡ್ಕೊಳ್ಳಲಿ ಅಂದ್ರೂ ಆಗಂಗಿಲ್ಲ, 2017ರ ಮೌಢ್ಯ ನಿಷೇಧ ಕಾಯ್ದಿ ಜ್ಯೋತಿಷ್ಯ ಮುಟ್ಟಿಲ್ಲ. ಮನ್ಯಾಗಿನ ಕೆಲಸ ನಾವ ಮಾಡಬೇಕು.

ದೇವರಿಗೆ ಕೈ ಮುಗೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮುಂದಿನ ಸಲ ಹುಡುಗಿ ಜಾತಕ ಕೇಳಿದ್ರ, "ಮೊದ್ಲ ಹುಡುಗನ ಸಾಲದ ಲೆಕ್ಕ, ರಕ್ತ ಪರೀಕ್ಷಿ ಚೀಟಿ ತರ್ರಿ, ನಮ್ಮ ಹುಡುಗೀದೂ ಕೊಡ್ತೀವಿ" ಅನ್ರಿ. ಅಷ್ಟಕ್ಕ ಎದ್ದು ಹೋಗೋರು ಹೋಗ್ಲಿ ಬಿಡ್ರಿ. ಅಂಥಾ ಮನಿ ತಪ್ಪಿದ್ದ ನಮ್ಮ ಹುಡುಗಿ ಪುಣ್ಯ.